ಖಾನಾಪುರಕ್ಕೆ ಹೊರಟ ಕಾರು

ತೀರಿಕೊಂಡ ಅಪ್ಪನ ಅಂಗಿಗಳನ್ನು ಮಡಚುತ್ತಿದ್ದೇನೆ. ಡೀಸೆಲ್ ವಾಸನೆ ಇನ್ನೂ ಹೋಗಿಲ್ಲ.

ವರ್ಷಗಳ ಹಿಂದಿನ ಒಂದು ಮಧ್ಯಾಹ್ನ ನೆನಪಾಗುತ್ತದೆ. ಖಾನಾಪುರದಲ್ಲಿ ಅವ್ವನ ತಾಯಿ ಹಾಸಿಗೆ ಹಿಡಿದಿದ್ದರು. ಹಿಂದವಾಡಿಯ ನಮ್ಮ ಅಂಗಳದಲ್ಲಿ, ಹಿಂದಿನ ದಿನವಷ್ಟೇ ಗ್ಯಾರೇಜಿನಲ್ಲಿ ಎಂಜಿನ್ನಿಗೆ ಜೋರು ಬರಲೆಂದು ಟರ್ಬೊ ಕೂಡಿಸಿ ತಂದ ಕಾರು ಚಾಲೂ ಆಗಲಿಲ್ಲ.

“ಗ್ಯಾರೇಜಿನ ಮಿಸ್ತ್ರಿ ನಮ್ಮ ಡೀಸೆಲ್ ಪಂಪ್ ತಗೊಂಡು ಹಳೇದು ಹಾಕ್ಯಾನ, ಕಳ್ಳ,” ಎಂದರು ಅಪ್ಪ.

“ನನ್ನ ತವರಮನಿಗೆ ಹೋಗೂ ದಿನಾನ ಕೆಡಬೇಕೇನ್ರಿ ಇದು?” ಎಂದಳು ಅವ್ವ.

ಕರೆಸಿದ ಅದೇ ಮಿಸ್ತ್ರಿ ಗಾಳಿ ಎಳೆಯುವ ಕೊಳವೆ ಬಿಚ್ಚಿ, ಒಳಗಿನಿಂದ ಎಣ್ಣೆ ಹತ್ತಿದ ಬಟ್ಟೆಯ ಉಂಡೆ ತೆಗೆದ. “ಇದನ್ಯಾರ್ ತುರುಕ್ಯಾರ್ರಿ, ಸಾವ್ಕಾರ್ರ?”

ಅವ್ವ ಬಿಡಿಸಿ ನೋಡಿದಳು. ಅವಳದೇ ಹಳೆಯ ಇಳಕಲ್ ಸೀರೆಯ ತುಂಡು.

“ರಾತ್ರಿ ಯಾರರ ಒಳಗ ಉಸುಕು ಸುರಿದಾರು ಅಂತ ನಾನ ಮುಚ್ಚಿದ್ದೆ. ತಗಿಯೂದು ಮರತೆ,” ಎಂದರು ಅಪ್ಪ.

ಅವ್ವ ಆ ತುಂಡನ್ನು ಮಡಚಿ ತನ್ನ ಚೀಲಕ್ಕೆ ಹಾಕಿಕೊಂಡಳು. ಕಾರು ಚಾಲೂ ಆದಾಗ ತಾನು ಯಾವಾಗಲೂ ಕೂರುವ ಮುಂದಿನ ಸೀಟು ಬಿಟ್ಟು, ಹಿಂದೆ ನನ್ನ ಪಕ್ಕ ಕೂತಳು. ಖಾನಾಪುರದವರೆಗೂ ಅಪ್ಪ ಕನ್ನಡಿಯಲ್ಲಿ ಅವಳನ್ನೇ ನೋಡುತ್ತಿದ್ದರು. ಅವಳು ಹೊರಗೆ ನೋಡುತ್ತಿದ್ದಳು.