ಕೆಂಪು ಚೌಕದೊಳಗಿನ ಬಳೆ

ಶಿವಾನಿಯ ಕೈಯಲ್ಲಿದ್ದ ಮೌಸ್ ಅಲ್ಲೇ ನಿಂತಿತು. ಕಂಪ್ಯೂಟರ್ ಪರದೆಯ ತುಂಬ ಅರಿಸಿನದ ಕೊಂಬುಗಳು, ಅವುಗಳ ನಡುವೆ ಹುಳುಕು ಕೊಂಬೊಂದನ್ನು ಎತ್ತಿಹಿಡಿದ ಕೈ. ಉಗುರುಗಳು ಹಳದಿ, ಮಣಿಕಟ್ಟಿನಲ್ಲಿ ಹೊಸ ಹಸಿರು ಗಾಜಿನ ಬಳೆ. ಬದನಗುಪ್ಪೆಯ ಕಾರ್ಖಾನೆಯಲ್ಲಿ ಅರಿಸಿನ ಆರಿಸುವ ಅವ್ವ, "ನಮ್ ಕೆಲ್ಸುದ್ ಫೋಟೋ ತೆಗೀತಾರಂತೆ ಕಣಮ್ಮಿ" ಎಂದು ಆಸೆಯಿಂದ ತೊಡಿಸಿಕೊಂಡ ಬಳೆ.

"ಯಾಕಮ್ಮ ನಿಲ್ಲಿಸ್ಬುಟ್ಟೆ?" ಮೇಲ್ವಿಚಾರಕ ಮುಜೀಬ್ ಬಗ್ಗಿ ನೋಡಿದ. "ಅರಿಸಿನ ಬಿಟ್ಟು ಏನೇ ಕಂಡ್ರೂ ಕೆಂಪು ಚೌಕ ಹಾಕಿ 'ಬೇಡದ್ದು' ಅಂತ ಒತ್ಬುಡು. ಈ ಫೋಟೋ ನೋಡ್ಕಂಡೇ ಮಿಷನ್ ಕಲಿಯೋದು. ಕಲ್ತ್‌ಬುಟ್ರೆ ಮುಂದಿನ ತಿಂಗಳಿಂದ ಅದೇ ಆರಿಸ್ತದೆ, ಆಳೇ ಬೇಡ. ದೇಶ ಮುಂದಕ್ಕೆ ಹೋಗೋದು ಹಿಂಗೇ ಕಣಮ್ಮ." ಅವನ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಪಕ್ಕದ ಹುಡುಗಿಯ ಕೆಲಸ ನೋಡಲು ಹೋದ.

ಆಗಲೇ ಅವ್ವನ ಫೋನ್ ಬಂತು. "ಅಮ್ಮಿ, ಫೋಟೋಗಳೆಲ್ಲ ನಿಮ್ ಆಫೀಸ್ಗೇ ಬಂದವಂತಲ್ಲ, ನಮ್ ಸಾರ್ ಅಂದ್ರು. ನಂದು ಬಂತಾ? ಮೊಕ ಕಾಣ್ತದಾ?"

ಶಿವಾನಿ ಕೆಂಪು ಗೆರೆಯನ್ನು ಆ ಕೈಯ ಸುತ್ತ ನಿಧಾನವಾಗಿ ಎಳೆದಳು. "ಮೊಕ ಇಲ್ಲ ಕಣವ್ವ. ಕೈ ಕಾಣ್ತದೆ. ಬಳೆ ಚೆನ್ನಾಗದೆ."

"ಅಷ್ಟಾದ್ರೂ ಬಂತಲ್ಲ ಬುಡು," ಅವ್ವ ನಕ್ಕಳು. "ಅಳಿಸ್ಬುಟ್ಟೀಯ ಮತ್ತೆ. ಮಡಿಕ್ಕೊ."

"ಊಂ" ಎಂದು ಶಿವಾನಿ 'ಬೇಡದ್ದು' ಒತ್ತಿದಳು. ಮುಂದಿನ ಫೋಟೋ ತೆರೆದುಕೊಂಡಿತು. ಅದರಲ್ಲೂ ಅದೇ ಬಳೆ ಇತ್ತು.