ಹಿಮದಡಿಯ ಕಾವು

“ಭಾವ, ಉಷ್ಣಮಾಪಕದ ಹಗ್ಗಾನ ಬಾವಿಯೊಳಗೆ ಎಷ್ಟು ದಿನ ಬಿಟ್ಟಿದ್ರಿ?”

ಕಾರ್ಯಾಗಾರದ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಕೊಳವೆಯ ಕೀಲು ಬಿಗಿಯುತ್ತಿದ್ದ ಕೊರೆತದ ಮೇಸ್ತ್ರಿ ತಲೆಯೆತ್ತಲಿಲ್ಲ. ನಲವತ್ತು ದಿನವೆಂದು ದಾಖಲೆ ಪುಸ್ತಕದಲ್ಲಿ ಬರೆದದ್ದನ್ನು ಲೋಕವೆಲ್ಲ ಓದಿದೆ, ಆಕಾಶದಿಂದ ನಾಡಿ ಹಿಡಿಯುವ ಡಾಕ್ಟ್ರಮ್ಮನಿಗೆ ಮಾತ್ರ ಅಕ್ಷರ ಮರೆತುಹೋಯಿತೇ ಎಂದು ನಾದಿನಿಯನ್ನು ಎಂದಿನಂತೆ ಕುಟುಕಿದ. ಅವಳು ಎಂದಿನಂತೆ ನಗಲಿಲ್ಲ.

ಅವಳ ಏಳು ವರ್ಷದ ದುಡಿಮೆ ಆ ಮಧ್ಯಾಹ್ನದ ಸಭೆಯಲ್ಲಿ ತಕ್ಕಡಿಗೇರಲಿತ್ತು. ದಕ್ಷಿಣ ಧ್ರುವದ ಕಡೆಯ ಮೂರು ಕಿಲೋಮೀಟರು ದಪ್ಪದ ಹಿಮರಾಶಿಯ ಅಡಿಯಲ್ಲಿ ನೆಲ ಎಲ್ಲಿ ಬೆಚ್ಚಗಿದೆ, ಎಲ್ಲಿ ತಣ್ಣಗಿದೆ ಎಂಬುದರ ನಕ್ಷೆಯನ್ನು ಅವಳು ಉಪಗ್ರಹದ ಅಳತೆಗಳಿಂದ ಕಟ್ಟಿದ್ದಳು. ಬಂಡೆ ಮಿತಿಮೀರಿ ಕಾದರೆ ತನ್ನ ಕಾಂತಗುಣವನ್ನು ಕಳೆದುಕೊಳ್ಳುತ್ತದೆ. ಆ ಗುಣ ಎಷ್ಟು ಆಳದವರೆಗೆ ಉಳಿದಿದೆಯೆಂದು ಉಪಗ್ರಹ ತಿಳಿಸಿದರೆ, ಕೆಳಗಿನಿಂದ ಏರಿಬರುವ ಕಾವೆಷ್ಟೆಂಬುದು ಲೆಕ್ಕಕ್ಕೆ ಸಿಗುತ್ತದೆ. ಲಕ್ಷಾಂತರ ವರ್ಷಗಳ ಪುರಾತನ ಹಿಮ ತಳದಲ್ಲಿ ಕರಗದೆ ಉಳಿದೀತಾದರೆ ಅದು ತಣ್ಣನೆಯ ನೆಲದ ಮೇಲೆ ಮಾತ್ರ. ಈ ಸಲ ತಂಡ ಹೊರಟಿದ್ದುದು ಆ ಹಿಮವನ್ನು ಹುಡುಕಿಕೊಂಡೇ. ಪೂರ್ವದ ದಿಬ್ಬದಲ್ಲಿ ಕೊರೆಯಿರಿ ಎಂದು ಅವಳ ನಕ್ಷೆ ನಿಸ್ಸಂಶಯವಾಗಿ ಹೇಳುತ್ತಿತ್ತು.

ಅಡ್ಡ ನಿಂತದ್ದು ಒಂದೇ ಒಂದು ಅಂಕಿ. ಇಪ್ಪತ್ತೆರಡು ವರ್ಷಗಳ ಹಿಂದೆ ಅದೇ ದಿಬ್ಬದಲ್ಲಿ ಬಿಸಿನೀರು ಚಿಮ್ಮಿಸಿ ಬಾವಿ ಕೊರೆದು, ತಳದ ಶಾಖವನ್ನು ಅಳೆದು ತಂದವನು ಅವಳ ಅಕ್ಕನ ಗಂಡ. ನೆಲ ಬೆಚ್ಚಗಿದೆ ಎನ್ನುತ್ತಿದ್ದ ಆ ಅಂಕಿ ಋಷಿವಾಕ್ಯದಂತೆ ಪಠ್ಯಗಳನ್ನು ಸೇರಿತ್ತು. ಅವನಿಗೆ ಮುಖ್ಯ ಮೇಸ್ತ್ರಿಯ ಪಟ್ಟವನ್ನೂ ಕಟ್ಟಿಸಿತ್ತು. ಕೈಯಾರೆ ಅಳೆದದ್ದಿರುವಾಗ ತರ್ಕದಿಂದ ತಿಳಿದದ್ದಕ್ಕೆ ಮನ್ನಣೆಯೆಲ್ಲಿಯದು ಎಂಬುದು ಸಂಸ್ಥೆಯ ನಿರ್ದೇಶಕರ ನಿಲುವು. ಅಂಕಿಗೆ ಹೊಂದದ ನಕ್ಷೆಯನ್ನು ಕಟ್ಟಿ ಮೂಲೆಗಿಟ್ಟು ಪಶ್ಚಿಮದ ಜಾಗದಲ್ಲಿ ಕೊರೆಯಬೇಕಾದೀತೆಂದು ಅವರು ಮುನ್ನವೇ ಸೂಚಿಸಿದ್ದರು. ಬಿಸಿನೀರಿನಿಂದ ಕೊರೆದ ಬಾವಿ ಆ ಕಾವನ್ನೆಲ್ಲ ಬಿಟ್ಟುಕೊಟ್ಟು ತನ್ನ ಸಹಜ ಶೈತ್ಯಕ್ಕೆ ಮರಳಲು ನಲವತ್ತು ದಿನವಾದರೂ ಕಾಯಬೇಕೆಂಬುದು ಕಸುಬಿನ ಕಟ್ಟಳೆ. ಪುಸ್ತಕದಲ್ಲಿದ್ದುದೂ ಅಷ್ಟೇ.

“ಡಿಸೆಂಬರ್ ಹತ್ತಕ್ಕೆ ಬಾವಿ ಮುಗೀತು ಅಂತ ಬರ್ದಿದ್ದೀರಿ,” ಎಂದಳು ಅವಳು, ದನಿಯೇರಿಸದೆ. “ನಲವತ್ತು ದಿನ ಅಂದ್ರೆ ಜನವರಿ ಹತ್ತೊಂಬತ್ತು. ಅಕ್ಕನಿಗೆ ಹೆರಿಗೆ ಆಗಿದ್ದು ಜನವರಿ ಮೂರಕ್ಕೆ. ಆವತ್ತು ಆಸ್ಪತ್ರೆ ಬೆಂಚಿನ ಮೇಲೆ, ಹಿಮಕ್ಕೆ ಮೂಗಿನ ಚರ್ಮ ಸುಲಿದುಕೊಂಡು, ನನ್ನ ಪಕ್ಕ ಕೂತಿದ್ದೋರು ಯಾರು ಭಾವ?”

ಕೀಲು ಬಿಗಿಯುತ್ತಿದ್ದ ಕೈ ನಿಂತಿತು. ಕೊಳವೆಯನ್ನು ಪಕ್ಕಕ್ಕಿಟ್ಟು ಅವನು ಬಾಯಿಬಿಟ್ಟ. ಬಿಟ್ಟಮೇಲೆ ಮಾತು ತಡೆಯಲಿಲ್ಲ. ಬಾವಿ ಮುಗಿದ ಒಂಬತ್ತನೆಯ ದಿನ ಶಿಬಿರಕ್ಕೆ ವಿಮಾನ ಬಂದಿತ್ತು. ಇನ್ನೊಂದು ಬರುವುದು ಫೆಬ್ರವರಿಗೆ. ಚೊಚ್ಚಲ ಹೆರಿಗೆ, ರಕ್ತದೊತ್ತಡ ಏರಿದೆ, ತಾಯಿ ಮಗು ಇಬ್ಬರ ಮೇಲೂ ವೈದ್ಯರು ಭರವಸೆ ಕೊಡುತ್ತಿಲ್ಲ ಎಂದು ಹಿಂದಿನ ದಿನವಷ್ಟೇ ರೇಡಿಯೋದಲ್ಲಿ ಸುದ್ದಿ ಮುಟ್ಟಿತ್ತು. ಬೆಳಗ್ಗೆ ಹಗ್ಗವನ್ನು ಮೇಲೆಳೆದು ಅಂಕಿ ಬರೆದುಕೊಂಡ. ದಿನಗಳ ಕಾಲಂ ನಲವತ್ತನ್ನು ಬೇಡುತ್ತಿತ್ತು, ನಲವತ್ತೆಂದೇ ತುಂಬಿದ. ಮರುವರ್ಷ ಹೋಗಿ ಮತ್ತೆ ಅಳೆದರಾಯಿತು ಎಂದುಕೊಂಡಿದ್ದ. ಮರುವರ್ಷದ ಹೊತ್ತಿಗೆ ಅಂಕಿ ಅಚ್ಚಾಗಿ, ಜನ ಕೈಕುಲುಕತೊಡಗಿದ್ದರು.

“ಸಭೇಲಿ ಹೇಳ್ತೀಯಾ?”

“ಇಲ್ಲ. ನನ್ನ ನಕ್ಷೆ ಸರಿಯಾಗಿದೆ, ಅಷ್ಟನ್ನೇ ಹೇಳ್ತೀನಿ. ನಿಮ್ಮ ಅಂಕಿ ನಿಮ್ಮದು.”

“ಹುಚ್ಚಿ. ಆ ನಿರ್ದೇಶಕರು ನಿನ್ನ ನಕ್ಷೇನ ಹರಿದು ಬುಟ್ಟಿಗೆ ಹಾಕ್ತಾರೆ.”

“ಹರಿದ್ರೆ ನೆಲ ಬೆಚ್ಚಗಾಗಲ್ಲ ಭಾವ.”

ಮಧ್ಯಾಹ್ನ ಅವಳು ಮೇಜಿನುದ್ದಕ್ಕೂ ನಕ್ಷೆಯನ್ನು ಹಾಸಿದಳು. ಹೇಳಬೇಕಾದುದನ್ನೆಲ್ಲ ಹದಿನೈದು ನಿಮಿಷದಲ್ಲಿ, ಒಂದು ಕಡೆಯೂ ತೊದಲದೆ ಹೇಳಿ ಮುಗಿಸಿದಳು. ನಿರ್ದೇಶಕರು ಕನ್ನಡಕವನ್ನು ಹಣೆಗೇರಿಸಿ, ಪೂರ್ವದ ದಿಬ್ಬದ ಮೇಲೆ ಬೆರಳೂರಿ, ಇಲ್ಲಿ ನಮ್ಮ ಬಳಿ ಅಳೆದ ಅಂಕಿಯೇ ಇದೆಯಲ್ಲಮ್ಮ, ಅದಕ್ಕೇನು ಸಮಾಧಾನ ಎಂದು ಕೇಳಿದರು. ಆ ಅಂಕಿಯನ್ನು ತಾನು ಬಲ್ಲೆನೆಂದೂ, ತನ್ನ ಲೆಕ್ಕ ಅದನ್ನು ಒಪ್ಪುವುದಿಲ್ಲವೆಂದೂ, ತಾನು ಲೆಕ್ಕದ ಪರವಾಗಿಯೇ ನಿಲ್ಲುವೆನೆಂದೂ ಅವಳು ಉತ್ತರಿಸಿದಳು. ಕಾರಣ ಕೇಳಿದ್ದಕ್ಕೆ ಮತ್ತೆ ಲೆಕ್ಕವನ್ನೇ ತೋರಿಸಿದಳು. ಯಾರೋ ಕೆಮ್ಮಿದರು, ಯಾರೋ ನಕ್ಕರು. ನಿರ್ದೇಶಕರು ನಿಟ್ಟುಸಿರಿಟ್ಟು, ಪಶ್ಚಿಮದ ಜಾಗದ ಆದೇಶಪತ್ರವನ್ನು ಮುಂದಕ್ಕೆಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು.

ಹಿಂದಿನ ಸಾಲಿನಲ್ಲಿ ಕುರ್ಚಿಯೊಂದು ನೆಲವನ್ನು ಕೆರೆಯಿತು. ಮೇಸ್ತ್ರಿ ಎದ್ದು ನಿಂತಿದ್ದ. ಎಣ್ಣೆ ಮೆತ್ತಿದ ಎರಡೂ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಮುಂದಿನ ಕುರ್ಚಿಯ ಬೆನ್ನನ್ನು ಹಿಡಿದುಕೊಂಡ.

“ಸಹಿ ಹಾಕ್ಬೇಡಿ ಸರ್. ಆ ದಿಬ್ಬದ ನೆಲ ತಣ್ಣಗಿದೆ. ಇಪ್ಪತ್ತೆರಡು ವರ್ಷದಿಂದ ನೀವೆಲ್ಲ ಭೂಮೀದು ಅಂತ ಬರ್ಕೊಂಡು ಬಂದಿರೋದು ನಾನು ಸುರಿದ ಬಿಸಿನೀರಿನ ಕಾವು.”