ಕೊನೆಯ ಕುರ್ಚಿ

ಯಾರೂ ಬರುವ ಮೊದಲೇ ನಾನು ಚರ್ಚಿನ ಊಟದ ಹಾಲಿಗೆ ಹೋಗಿ, ಅಡುಗೆಮನೆಯ ಬಾಗಿಲಿಗೆ ಅಂಟಿಕೊಂಡಿದ್ದ ಕೊನೆಯ ಕುರ್ಚಿಯಲ್ಲಿ ಕುಳಿತುಬಿಟ್ಟೆ. ಅದರ ಒಂದು ಕಾಲು ಗಿಡ್ಡ. ಪಕ್ಕದಲ್ಲೊಂದು ಪ್ಲಾಸ್ಟಿಕ್ ಟಬ್ಬು. ವಿನಯಕ್ಕೆ ಇದಕ್ಕಿಂತ ಪ್ರಶಸ್ತ ಜಾಗ ಸಿಗುವಂತಿರಲಿಲ್ಲ.

ಬೆಳಗಿನ ಆರಾಧನೆಯಲ್ಲಿ ಪಾದ್ರಿಯಾದ ನನ್ನದೇ ಪ್ರಸಂಗ, ಅಂದರೆ ಉಪದೇಶ. ಬೈಬಲಿನ ಮೂರನೆಯ ಸುವಾರ್ತೆ ಬರೆದ ಉದ್ದೇಶವೇನು ಎಂದು ಮುಕ್ಕಾಲು ಗಂಟೆ ಕೊರೆದಿದ್ದೆ. ಹೊರಗೆ ನಿಂತವರನ್ನು ಪಂಕ್ತಿಗೆ ಕರೆಯುವುದು, ಕೆಳಗಿದ್ದವರನ್ನು ಎತ್ತಿ ಮೇಲಿದ್ದವರನ್ನು ಇಳಿಸುವುದು. ಔತಣಕ್ಕೆ ಹೋದರೆ ಕೊನೆಯಲ್ಲಿ ಕೂರಿ, ಔತಣ ಕೊಟ್ಟವನೇ ಬಂದು ಮೇಲಕ್ಕೆ ಕರೆದೊಯ್ಯುತ್ತಾನೆ ಎಂಬುದನ್ನಂತೂ ಎರಡು ಸಲ ಹೇಳಿದ್ದೆ, ಮುಂದಿನ ಸಾಲಿನಲ್ಲಿದ್ದ ಬಿಷಪ್ಪರಿಗೆ ಸರಿಯಾಗಿ ಕೇಳಿಸಲಿ ಎಂದು. ಪಟ್ಟಣದ ದೊಡ್ಡ ಚರ್ಚಿಗೆ ಹೊಸ ಪಾದ್ರಿಯನ್ನು ಅವರು ಆ ವಾರವೇ ಆರಿಸುವವರಿದ್ದರು. ಸುಳ್ಳೇಕೆ ಹೇಳಲಿ, ಆ ಹುದ್ದೆಯ ಮೇಲೆ ಪ್ರಾಣವನ್ನೇ ಇಟ್ಟುಕೊಂಡಿದ್ದೆ.

"ಅಲ್ಲಿ ಬಿಷಪ್ಪರ ಪಕ್ಕ ನಿಮಗೆ ಅಂತಲೇ ಕುರ್ಚಿ ಹಾಕಿದಾರೆ. ಇಲ್ಯಾಕೆ ಮುದುರಿ ಕೂತಿದೀರಿ?" ಎಂದಳು ಹೆಂಡತಿ.

"ಕರೀತಾರೆ, ತಾಳು."

ಅವಳು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಹೋಗಿ ತನ್ನ ಅಕ್ಕನ ಪಕ್ಕ ಕೂತಳು.

ಊಟದ ಹಾಲ್ ಜನರಿಂದ ತುಂಬಿತು. ಬಿಷಪ್ಪರ ಪಕ್ಕದ ಕುರ್ಚಿಯೊಂದೇ ಖಾಲಿ. ನಾನು ಕತ್ತು ಉದ್ದ ಮಾಡಿ, ದೂರದಿಂದಲೂ ಕಾಣುವಷ್ಟು ವಿನಯದಿಂದ ಕಾದೆ.

ಅಷ್ಟರಲ್ಲಿ ಪಾತ್ರೆ ತೊಳೆಯುವ ಅಜ್ಜಿ ತಮ್ಮ ತಟ್ಟೆ ಹಿಡಿದು ಅಡುಗೆಮನೆಯಿಂದ ಹೊರಬಂದರು. ಅಯ್ಯನೋರೇ, ಅದು ನಾನು ಕೂರೋ ಕುರ್ಚಿ ಎಂದರು ಮೆಲ್ಲಗೆ. ಕೊನೆಯ ಜಾಗವೇ ನನಗೆ ಸಾಕಮ್ಮ, ನೀವು ಬೇರೆ ಕಡೆ ಕೂತುಕೊಳ್ಳಿ ಎಂದು ಸುತ್ತಲಿನವರಿಗೂ ಕೇಳುವಂತೆ ಹೇಳಿದೆ. ಬೇರೆ ಕಡೆ ಜಾಗವೆಲ್ಲಿತ್ತು? ಅವರು ಹಾಗೇ ನಿಂತಿದ್ದರು.

ಆಗ ಬಿಷಪ್ಪರು ನಮ್ಮತ್ತ ತಿರುಗಿದರು. ಕೈಯೆತ್ತಿ, ಬನ್ನಿ, ಮುಂದೆ ಬನ್ನಿ ಎಂದರು. ನಾನು ಎದ್ದೆ. ನಿಲುವಂಗಿಯ ಸುಕ್ಕನ್ನೂ ಸರಿಮಾಡಿಕೊಂಡೆ.

"ನೀವು ಕೂತ್ಕೊಳ್ಳಿ. ಆ ತಾಯೀನ ಕಳಿಸಿ."

ಅಜ್ಜಿ ಹೋಗಿ ಬಿಷಪ್ಪರ ಪಕ್ಕ ನನಗೆಂದು ಹಾಕಿದ್ದ ಕುರ್ಚಿಯಲ್ಲಿ ಕೂತರು. ಬಿಷಪ್ಪರು ಕೈಯಾರೆ ಬಡಿಸಿದರು. ಇಬ್ಬರೂ ಏನೋ ಹೇಳಿಕೊಂಡು ನಗುತ್ತಿದ್ದರು. ನನ್ನ ಪ್ರಸಂಗ ನನ್ನ ಕಣ್ಣೆದುರೇ ನಿಜವಾಗುತ್ತಿತ್ತು, ಮತ್ತು ನನಗೆ ಹೊಟ್ಟೆ ಉರಿಯುತ್ತಿತ್ತು.

ಊಟ ಮುಗಿಸಿದ ಚರ್ಚಿನ ಖಜಾಂಚಿ ಯಾರೊಂದಿಗೋ ಮಾತಾಡುತ್ತಲೇ ಬಂದು, ಯಾವಾಗಲಿನ ಅಭ್ಯಾಸದಂತೆ ಕೊನೆಯ ಕುರ್ಚಿಯತ್ತ ಎಂಜಲು ತಟ್ಟೆ ಚಾಚಿದರು. ಅದರಲ್ಲಿ ಯಾರಿದ್ದಾರೆಂದು ನೋಡಲೇ ಇಲ್ಲ. ನಾನು ಇಸಿದುಕೊಂಡೆ. ಅವರ ಹಿಂದೆ ಸಾಲೇ ಇತ್ತು. ಟಬ್ಬು ಅಲ್ಲಿ ಯಾಕಿತ್ತೆಂದು ಆಗ ತಿಳಿಯಿತು. ಹೆಂಡತಿಯೂ ಸಾಲಿನಲ್ಲೇ ಬಂದು, ಮುಖದಲ್ಲಿ ನಗು ತೋರಿಸದೆ ತನ್ನ ತಟ್ಟೆ ಕೊಟ್ಟು ಹೋದಳು.

ಕಟ್ಟಕಡೆಗೆ ಬಿಷಪ್ಪರೇ ನನ್ನ ಬಳಿ ಬಂದರು. ಅವರ ಕೈಯಲ್ಲಿ ಎರಡು ಎಂಜಲು ತಟ್ಟೆಗಳಿದ್ದವು, ಅವರದೊಂದು, ಅಜ್ಜಿಯದೊಂದು.

"ಬೆಳಗ್ಗೆ ಬಹಳ ಚೆನ್ನಾಗಿ ಹೇಳಿದ್ರಿ," ಎನ್ನುತ್ತ ಎರಡನ್ನೂ ನನ್ನ ಕೈಗಿಟ್ಟರು.